ಗಿಡ್ಡ ದಾಳ

ಮೂವರ ಹತ್ತಿರ ಎಲ್ಲ ಇತ್ತು, ದಾಳ ಒಂದೇ ಇರಲಿಲ್ಲ.

"ಡೈಸ್ ಇಲ್ದೇ ಇರೋ ಡೈಸ್ ಗೇಮ್!" ಪೈಪು ಚಪ್ಪಾಳೆ ತಟ್ಟಿದ. "ಮಿಸ್ ಕೇಳಿದ್ರೆ ಏನ್ ಹೇಳೋದು? ಕಣ್ಣು ಮುಚ್ಕೊಂಡು ಡೈಸ್ ಇದೆ ಅಂತ ಅಂದ್ಕೊಳ್ಳಿ ಮಿಸ್ ಅನ್ನೋದಾ?"

"ಸ್ವಲ್ಪ ನಿನ್ನ ಬಾಯಿ ಅನ್ನೋ ನಲ್ಲೀನ ಬಂದ್ ಮಾಡ್ತೀಯಾ?" ಎಂದಳು ಟೇಪು.

ಮೂವರೂ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದರು. ಪೈಪು ಎಂದರೆ ಪ್ಲಂಬರ್ ಮಗ. ಟೇಪು ಎಂದರೆ ಟೈಲರ್ ಆಂಟಿಯ ಮಗಳು. ಹಳೆಯ ಅಳತೆ ಟೇಪೊಂದು ಸದಾ ಅವಳ ಕುತ್ತಿಗೆಯಲ್ಲಿ ಜೋತಾಡುತ್ತಿತ್ತು. ಮೂರನೆಯವಳು ಬುಗುರಿ. ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ ಎಂದು ಅವಳ ಅಪ್ಪ ಇಟ್ಟ ಹೆಸರು. ಅಪ್ಪ ಲಾರಿ ಓಡಿಸುತ್ತಿದ್ದ, ಮನೆಯಲ್ಲಿರುತ್ತಿದ್ದದ್ದು ಕಡಿಮೆ. ಬೀದಿಯ ಕೊನೆಯಲ್ಲಿದ್ದ ಫೋಟೋ ಫ್ರೇಮಿನ ಅಂಗಡಿ ಅಮ್ಮನದು.

ಗಣಿತದ ಮಿಸ್ ಐದನೇ ಕ್ಲಾಸಿಗೆ ಒಂದು ಕೆಲಸ ಕೊಟ್ಟಿದ್ದರು. ಮೂರು ಮೂರು ಜನ ಸೇರಿ, ಆಕಾರದ ಬ್ಲಾಕುಗಳನ್ನು ಇಟ್ಟುಕೊಂಡು ಆಡುವ ಒಂದು ದಾಳದ ಆಟ ಮಾಡಬೇಕು. ಏನನ್ನೂ ಕೊಂಡು ತರುವಂತಿಲ್ಲ, ಎಲ್ಲ ಮನೆಯಲ್ಲೇ ಮಾಡಿರಬೇಕು. ಮುಂದಿನ ವಾರದ ಶನಿವಾರ ಅಪ್ಪ ಅಮ್ಮಂದಿರು ಶಾಲೆಗೆ ಬಂದು ಆಟ ನೋಡುತ್ತಾರೆ.

ಬ್ಲಾಕುಗಳಿಗೆ ಈ ಬೀದಿಯಲ್ಲಿ ಬರವಿರಲಿಲ್ಲ. ಪೈಪು ತನ್ನಪ್ಪನ ಹತ್ತಿರ ಉಳಿದ ಪ್ಲಾಸ್ಟಿಕ್ ಪೈಪನ್ನು ಬಳೆ ಬಳೆಯಾಗಿ ಕತ್ತರಿಸಿ ತಂದಿದ್ದ. ಅದು ವೃತ್ತ. ಟೇಪು ಬಟ್ಟೆಯ ಚೂರುಗಳನ್ನು ಹೊಲಿದು, ಒಳಗೆ ಚಿಂದಿ ತುಂಬಿ, ಪುಟ್ಟ ಪುಟ್ಟ ದಿಂಬು ಮಾಡಿದ್ದಳು. ಅದು ಚೌಕ. ಬುಗುರಿಗಂತೂ ಏನೂ ಮಾಡುವ ಕೆಲಸವೇ ಇರಲಿಲ್ಲ. ಫ್ರೇಮಿನ ನಾಲ್ಕು ಪಟ್ಟಿಗಳನ್ನು ಜೋಡಿಸಬೇಕೆಂದರೆ ಒಂದೊಂದರ ತುದಿಯನ್ನೂ ಓರೆಯಾಗಿ ಕತ್ತರಿಸಬೇಕು. ಹಾಗೆ ಕತ್ತರಿಸಿದಾಗ ಕೆಳಗೆ ಬೀಳುವ ಚೂರು ತ್ರಿಕೋನವಾಗಿಯೇ ಇರುತ್ತದೆ. ಅಮ್ಮನ ಮೇಜಿನ ಕೆಳಗಿನ ಬುಟ್ಟಿಯ ತುಂಬ ತ್ರಿಕೋನಗಳು.

ಆಟವನ್ನು ಯೋಚಿಸಿದವಳು ಟೇಪು. ದಾಳದ ಆರು ಮುಖಗಳಲ್ಲಿ ಎರಡು ವೃತ್ತ, ಎರಡು ಚೌಕ, ಎರಡು ತ್ರಿಕೋನ. ಸರದಿಯಂತೆ ದಾಳ ಎಸೆಯುವುದು. ಯಾವ ಆಕಾರ ಬಿತ್ತೋ ಆ ಆಕಾರದವರು ಒಂದು ಬ್ಲಾಕ್ ಇಡುವುದು. ವೃತ್ತದವನು ಕಂಬ ಕಟ್ಟಬೇಕು, ಚೌಕದವಳು ಗೋಡೆ ಕಟ್ಟಬೇಕು, ತ್ರಿಕೋನದವಳು ಬೆಟ್ಟ ಕಟ್ಟಬೇಕು. ಏಳು ಬ್ಲಾಕು ಮೊದಲು ಯಾರದು ಆಗುತ್ತದೋ ಅವರು ಗೆದ್ದರು.

"ಡೈಸ್ ನಮ್ಮಮ್ಮನ ಹತ್ರ ಮಾಡಿಸ್ಕೊಂಡು ಬರ್ತೀನಿ," ಎಂದಳು ಬುಗುರಿ. "ನಾಳೇನೇ."

"ಸರಿ. ಶನಿವಾರ ಆಟ ಎಕ್ಸ್‌ಪ್ಲೇನ್ ಮಾಡೋದು ನಾನು," ಎಂದಳು ಟೇಪು.

"ಯಾಕೆ? ನಾನೇನು ಮೂಕನಾ?" ಎಂದ ಪೈಪು.

"ನೀನು ಮಾತಾಡಿದ್ರೆ ಪಕ್ಕದ ಕ್ಲಾಸಿನ ಪಾಠ ನಿಲ್ಲುತ್ತೆ ಕಣೋ."

ಜಗಳ ಸ್ವಲ್ಪ ಹೊತ್ತು ನಡೆಯಿತು. ಕೊನೆಗೆ ಮೂವರೂ ಒಂದು ಮಾತಿಗೆ ಬಂದರು. ಮುಂದಿನ ಶುಕ್ರವಾರದವರೆಗೆ ದಿನಾ ಸಂಜೆ ಆಡೋಣ. ಹೆಚ್ಚು ಸಲ ಯಾರು ಗೆಲ್ಲುತ್ತಾರೋ ಅವರು ಶನಿವಾರ ಎಲ್ಲರ ಮುಂದೆ ನಿಂತು ಆಟವನ್ನು ವಿವರಿಸಲಿ.

* * *

ಬುಗುರಿ ಮನೆಗೆ ಹೋದಾಗ ಅಂಗಡಿಯಲ್ಲಿ ಹೆಡ್ಮಾಸ್ಟರು ನಿಂತಿದ್ದರು. ಅವಳು ಬಾಗಿಲ ಹಿಂದೆಯೇ ನಿಂತಳು. ಶಾಲೆಯ ಹೊರಗೆ ಹೆಡ್ಮಾಸ್ಟರನ್ನು ನೋಡಿದರೆ ಏನು ತಪ್ಪು ಮಾಡಿದೆ ಎಂದು ಮೊದಲು ನೆನಪು ಮಾಡಿಕೊಳ್ಳಬೇಕು.

"ಮಕ್ಕಳು ಬರೆದ ಚಿತ್ರ. ಇಪ್ಪತ್ನಾಲ್ಕು ಇದಾವೆ," ಎನ್ನುತ್ತಿದ್ದರು ಅವರು. "ಕಾರಿಡಾರ್ ತುಂಬ ಒಂದೇ ಸಮ ಸಾಲಾಗಿ ಹಾಕಿಸ್ಬೇಕು ಅಂತ. ಶನಿವಾರ ಹೇಗೂ ಬರ್ತೀರಲ್ಲ, ಗೋಡೆ ನೋಡಿ ಅಳತೆ ತಗೊಂಡುಬಿಡಿ."

"ಆಗಲಿ ಸರ್," ಎಂದಳು ಅಮ್ಮ.

ಅವರು ಹೋದ ಮೇಲೆ ಅಮ್ಮ ಮೇಲಿನ ಅಟ್ಟಣೆಯಿಂದ ಒಳ್ಳೆಯ ಪಟ್ಟಿಗಳನ್ನು ಇಳಿಸಿ, ಒಂದೊಂದನ್ನೇ ಕಣ್ಣಿಗೆ ಹಿಡಿದು, ನೆಟ್ಟಗಿದೆಯಾ ಎಂದು ನೋಡಿ ಗೋಡೆಗೆ ಒರಗಿಸಿದಳು. ಇಷ್ಟು ದೊಡ್ಡ ಕೆಲಸ ಅಂಗಡಿಗೆ ಬಂದದ್ದು ಬುಗುರಿಗೆ ನೆನಪಿರಲಿಲ್ಲ. ಅಮ್ಮ ಸಣ್ಣಗೆ ಹಾಡು ಗುನುಗುತ್ತಿದ್ದಳು.

"ಅಮ್ಮಾ, ನಂಗೊಂದು ಡೈಸ್ ಮಾಡಿಕೊಡು."

"ಭಾನುವಾರ."

"ಭಾನುವಾರಾನಾ? ನಾಳೆ ಬೇಕು."

"ಡೈಸ್ ಅಂದ್ರೆ ಸುಮ್ನೆ ಕಡ್ಡಿ ಮುರಿದ ಹಾಗಲ್ಲ ಕಣೇ. ಎಲ್ಲಾ ಕಡೆ ಒಂದೇ ಅಳತೆ ಇರಬೇಕು, ಮೂಲೆಮಟ್ಟ ಹಿಡಿದು ಕತ್ತರಿಸ್ಬೇಕು. ಇವತ್ತು ಆ ಮದುವೆ ಫೋಟೋದವರು ಬರ್ತಾರೆ. ಭಾನುವಾರ ಮಾಡ್ತೀನಿ, ಹೋಗು."

ಮೂಲೆಮಟ್ಟ ಎಂದರೆ ಅಮ್ಮನ ಕಬ್ಬಿಣದ ಎಲ್ ಆಕಾರದ ಸಾಮಾನು. ಮೂಲೆ ಸರಿಯಾಗಿದೆಯೋ ಇಲ್ಲವೋ ಎಂದು ಅದನ್ನಿಟ್ಟು ನೋಡುತ್ತಾಳೆ. ಅದಿಲ್ಲದೆ ಅವಳು ಒಂದು ಮೊಳೆಯನ್ನೂ ಹೊಡೆಯುವುದಿಲ್ಲ.

ಬುಗುರಿಗೆ ಭಾನುವಾರದವರೆಗೆ ಕಾಯುವುದು ಆಗದ ಮಾತು. ಅಮ್ಮ ಮದುವೆ ಫೋಟೋದವರ ಜೊತೆ ಮಾತಾಡುತ್ತಿದ್ದಾಗ ಅವಳು ಹಿಂದಿನ ಕೋಣೆಗೆ ಹೋದಳು. ಅಲ್ಲಿ ನಾಲ್ಕೂ ಬದಿ ಒಂದೇ ಅಗಲವಿದ್ದ ಚೌಕದ ಕೋಲಿನ ಚೂರೊಂದು ಬಿದ್ದಿತ್ತು. ಸಣ್ಣ ಗರಗಸ ಹಿಡಿದು ಅದರ ತುದಿಯಿಂದ ಒಂದು ತುಂಡು ಕತ್ತರಿಸಿದಳು. ಗರಗಸ ಸುಮ್ಮನೆ ಹೋಗುತ್ತದೆಯೇ? ಅತ್ತ ಜಾರಿತು, ಇತ್ತ ಜಾರಿತು. ಕತ್ತರಿಸಿದ ಬದಿ ಸೊಟ್ಟಗಾಯಿತು. ಸ್ಯಾಂಡ್ ಪೇಪರ್ ಹಿಡಿದು ತಿಕ್ಕಿದಳು. ಇತ್ತ ಸರಿಯಾದರೆ ಅತ್ತ ಇಳಿಜಾರು. ಮತ್ತೆ ತಿಕ್ಕಿದಳು. ಕೊನೆಗೆ ಎರಡೂ ತುದಿ ಗಾಜಿನ ಹಾಗೆ ನುಣ್ಣಗಾದವು.

ಅಷ್ಟು ನುಣ್ಣಗಾದ ಜಾಗದಲ್ಲಿ ತನ್ನದೇ ಆಕಾರ ಇರಲಿ ಎಂದು ಅವೆರಡು ಮುಖದ ಮೇಲೆ ಸ್ಕೆಚ್ ಪೆನ್ನಿನಿಂದ ಕೆಂಪು ತ್ರಿಕೋನ ಬರೆದಳು. ಉಳಿದ ನಾಲ್ಕರ ಮೇಲೆ ಎರಡು ವೃತ್ತ, ಎರಡು ಚೌಕ. ದಾಳ ಚೆನ್ನಾಗಿಯೇ ಕಂಡಿತು. ಅಂಗಡಿಯಲ್ಲಿ ಕೊಂಡು ತಂದದ್ದು ಅಂದರೂ ನಂಬಬಹುದಿತ್ತು.

* * *

"ಯಾರು ಮಾಡಿದ್ದು? ನೀನಾ?" ಪೈಪು ದಾಳವನ್ನು ಮೂಗಿನ ಹತ್ತಿರ ಹಿಡಿದು ನೋಡಿದ.

ಬುಗುರಿ 'ನಾನೇ' ಎನ್ನಬೇಕೆಂದೇ ಇದ್ದಳು. ಆದರೆ ಪೈಪು 'ನೀನಾ' ಎಂದ ರೀತಿ ಅವಳಿಗೆ ಹಿಡಿಸಲಿಲ್ಲ.

"ನಮ್ಮಮ್ಮ," ಎಂದಳು.

"ಹಾಗಾದ್ರೆ ಸರಿ," ಎಂದು ಪೈಪು ದಾಳವನ್ನು ಮೆಟ್ಟಿಲ ಮೇಲೆ ಎಸೆದ.

ತ್ರಿಕೋನ ಬಿತ್ತು. ಬುಗುರಿ ಬೆಟ್ಟದ ಮೊದಲ ಕಲ್ಲು ಇಟ್ಟಳು.

ಆ ಸಂಜೆ ಅವಳು ಗೆದ್ದಳು. ಮಾರನೆಯ ಸಂಜೆಯೂ ಗೆದ್ದಳು. ಟೇಪುವಿನ ಗೋಡೆ ಐದು ದಿಂಬಿಗೆ ಬಂದು ನಿಂತಿತು, ಮೆತ್ತಗಿದ್ದರಿಂದ ಸ್ವಲ್ಪ ಹೊಟ್ಟೆ ಬಿಟ್ಟುಕೊಂಡಿತ್ತು. ಪೈಪುವಿನ ಕಂಬ ಮೂರು ಬಳೆಯ ಮೇಲೆ ಏಳಲೇ ಇಲ್ಲ.

"ಇದು ಕಂಬ ಅಲ್ಲ, ನಾಯಿ ಊಟದ ಬಟ್ಟಲು," ಎಂದು ಅವನೇ ನಕ್ಕ. "ಏನೇ ಬುಗುರಿ, ಲಕ್ಕು ಗುತ್ತಿಗೆ ತಗೊಂಡಿದ್ದೀಯಾ?"

ಬುಗುರಿಯೂ ನಕ್ಕಳು. ತನಗೆ ಅದೃಷ್ಟ ಇದೆ ಎಂದೇ ಅವಳೂ ನಂಬಿದ್ದಳು.

ಭಾನುವಾರ ಮಧ್ಯಾಹ್ನ ಒಬ್ಬಳೇ ಕುಳಿತು, ಎಡಗೈ ಬಲಗೈ ಎಂದು ಪಂದ್ಯ ಕಟ್ಟಿಕೊಂಡು, ದಾಳ ಎಸೆದಳು. ಎಡಗೈಗೆ ವೃತ್ತ, ಬಲಗೈಗೆ ತ್ರಿಕೋನ. ಬಲಗೈ ಗೆದ್ದಿತು. ಕೈ ಬದಲಾಯಿಸಿದಳು. ಈಗ ಎಡಗೈಗೆ ತ್ರಿಕೋನ. ಎಡಗೈ ಗೆದ್ದಿತು. ಮತ್ತೆ ಬದಲಾಯಿಸಿದಳು.

ಯಾವ ಕೈಗೆ ತ್ರಿಕೋನ ಕೊಟ್ಟರೂ ಆ ಕೈಯೇ ಗೆಲ್ಲುತ್ತಿತ್ತು.

ಅವಳು ಎದ್ದು ಹಿಂದಿನ ಕೋಣೆಗೆ ಹೋದಳು. ಚೌಕದ ಕೋಲು ಅಲ್ಲೇ ಇತ್ತು. ಕೋಲನ್ನು ಮಲಗಿಸಿ, ಅದರ ಪಕ್ಕಕ್ಕೆ ದಾಳವನ್ನು ತ್ರಿಕೋನ ಮೇಲೆ ಬರುವಂತೆ ಇಟ್ಟು, ನೆಲಕ್ಕೆ ಗಲ್ಲ ಊರಿ ನೋಡಿದಳು. ಕೋಲು ಎತ್ತರವಿತ್ತು. ದಾಳ ಗಿಡ್ಡವಿತ್ತು. ಜಾಸ್ತಿ ಏನಲ್ಲ, ಒಂದು ಬೆಂಕಿಕಡ್ಡಿಯ ದಪ್ಪದಷ್ಟು.

ತಿಕ್ಕಿ ತಿಕ್ಕಿ ಅವಳೇ ಅದನ್ನು ಗಿಡ್ಡ ಮಾಡಿದ್ದಳು.

"ಏನೇ ನೆಲ ಮೂಸ್ತಿದ್ದೀಯ?" ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ಬಾ, ನಿನ್ನ ಡೈಸ್ ಮಾಡಿಕೊಡ್ತೀನಿ. ಈಗ ಪುರುಸೊತ್ತಿದೆ."

ಬುಗುರಿಯ ಕೈ ದಾಳದ ಮೇಲೆ ಮುಚ್ಚಿಕೊಂಡಿತು. ಈಗ ಹೊಸ ದಾಳ ಬಂದರೆ ಹಳೆಯದಕ್ಕೆ ಏನಾಯಿತು ಎಂದು ಅವರು ಕೇಳುತ್ತಾರೆ. ಆಡಿದ ಆಟಗಳೆಲ್ಲ ಲೆಕ್ಕಕ್ಕಿಲ್ಲ ಎನ್ನುತ್ತಾರೆ. ಅಲ್ಲದೆ ಶನಿವಾರ ಮೇಜಿನ ಹಿಂದೆ ತಾನು ನಿಂತಿರುವುದು, ಎಲ್ಲರೂ ತನ್ನ ಮಾತನ್ನೇ ಕೇಳುತ್ತಿರುವುದು ಅವಳಿಗೆ ಆಗಲೇ ಕಣ್ಣಿಗೆ ಕಟ್ಟಿತ್ತು.

"ಬೇಡಮ್ಮ," ಎಂದಳು. "ಪೈಪು ಒಂದು ತಂದಿದಾನೆ."

"ಸರಿ, ನಂಗೊಂದು ಕೆಲಸ ಉಳೀತು," ಎಂದು ಅಮ್ಮ ಹೋದಳು.

* * *

ಸೋಮವಾರದಿಂದ ಆಟ ಬೇರೆಯೇ ಆಯಿತು. ಬುಗುರಿ ಗೆಲ್ಲುತ್ತಿದ್ದಳು, ಆದರೆ ನಗುತ್ತಿರಲಿಲ್ಲ. ದಾಳ ಉರುಳುವಾಗ ಅವಳು ದಾಳವನ್ನು ನೋಡುತ್ತಿರಲಿಲ್ಲ, ಟೇಪುವಿನ ಮುಖ ನೋಡುತ್ತಿದ್ದಳು. ಟೇಪು ಪ್ರತಿ ಸಲವೂ ತುಟಿಯಲ್ಲೇ 'ಚೌಕ ಚೌಕ ಚೌಕ' ಎನ್ನುತ್ತಿದ್ದಳು.

ಒಂದು ಸಲ ಬುಗುರಿ, "ನೀನು ತ್ರಿಕೋನ ತಗೋ, ನಾನು ಚೌಕ ತಗೋತೀನಿ," ಎಂದಳು.

"ಬೇಡಪ್ಪ. ನನ್ನ ದಿಂಬು ನಾನೇ ಹೊಲಿದದ್ದು. ನನ್ನ ಗೋಡೆ ನಾನೇ ಕಟ್ತೀನಿ," ಎಂದಳು ಟೇಪು.

ನಾನು ಕೊಟ್ಟೆ, ಅವಳೇ ಬೇಡ ಅಂದಳು ಎಂದು ಬುಗುರಿ ತನಗೆ ತಾನೇ ಹೇಳಿಕೊಂಡಳು. ಅದರಿಂದ ಒಂದು ಸಂಜೆಯ ಮಟ್ಟಿಗೆ ಸಮಾಧಾನವಾಯಿತು.

ಶುಕ್ರವಾರ ಲೆಕ್ಕ ಹಾಕುವ ಅಗತ್ಯವೇ ಬೀಳಲಿಲ್ಲ. ಟೇಪು ಜೇಬಿನಿಂದ ಮಡಚಿದ ಹಾಳೆಯೊಂದನ್ನು ತೆಗೆದಳು.

"ತಗೋ. ಏನೇನು ಹೇಳ್ಬೇಕು ಅಂತ ಬರ್ಕೊಂಡಿದ್ದೆ. ಕನ್ನಡಿ ಮುಂದೆ ನಿಂತು ಪ್ರಾಕ್ಟೀಸೂ ಮಾಡಿದ್ದೆ," ಎಂದಳು. "ಮೊದಲು ಗುಡ್ ಮಾರ್ನಿಂಗ್ ಹೇಳು. ಆಮೇಲೆ ಸ್ಪೀಡಾಗಿ ಓದ್ಬೇಡ. ನೀನು ಯಾವಾಗ್ಲೂ ಸ್ಪೀಡು."

"ನಿಂಗೆ ಬೇಜಾರಾಯ್ತಾ?"

"ಸೋತ್ರೆ ಖುಷಿ ಆಗುತ್ತಾ?" ಎಂದು ಟೇಪು ಎದ್ದು ಒಳಗೆ ಹೋದಳು. ಮತ್ತೆ ಬಾಗಿಲಲ್ಲಿ ಮುಖ ತೋರಿಸಿ, "ನೀಟಾಗಿ ತಲೆ ಬಾಚ್ಕೊಂಡು ಬಾ," ಎಂದಳು.

* * *

ಶನಿವಾರ ಐದನೇ ಕ್ಲಾಸಿನ ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿದ್ದರು. ಪ್ರತಿ ಮೇಜಿನ ಮೇಲೂ ಒಂದೊಂದು ಆಟ. ಒಂದು ಗುಂಪು ಸೋಪಿನ ಡಬ್ಬಗಳಿಂದ ರೈಲು ಮಾಡಿತ್ತು. ಇನ್ನೊಂದು ಗುಂಪು ಮಣ್ಣಿನಿಂದ ಗೋಲ ಮಾಡಿ, ಒಣಗುವ ಮೊದಲೇ ತಂದು, ಕೈ ಎಲ್ಲ ಕೆಸರು ಮಾಡಿಕೊಂಡಿತ್ತು.

ಟೈಲರ್ ಆಂಟಿ ಅಂಗಡಿ ಮುಚ್ಚಿ ಬಂದಿದ್ದರು. ಮಗಳು ಮೇಜಿನ ಪಕ್ಕದಲ್ಲಿ ದಿಂಬುಗಳ ಚೀಲ ಹಿಡಿದು ನಿಂತದ್ದನ್ನು ನೋಡಿ, "ನೀನು ಮಾತಾಡಲ್ವಾ?" ಎಂದು ಕೇಳಿದರು. ಟೇಪು ತಲೆ ಅಲ್ಲಾಡಿಸಿದಳು. ಬುಗುರಿಯ ಅಮ್ಮ ಕೈಯಲ್ಲಿ ಉದ್ದದ ಅಳತೆಪಟ್ಟಿ ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು. ಆಟ ಮುಗಿದ ಮೇಲೆ ಕಾರಿಡಾರಿನ ಗೋಡೆ ಅಳೆಯುವುದಿತ್ತು.

ಬುಗುರಿ ಗುಡ್ ಮಾರ್ನಿಂಗ್ ಹೇಳಿದಳು. ನಿಧಾನವಾಗಿ ಓದಿದಳು. ಹಾಳೆಯಲ್ಲಿದ್ದದ್ದು ಟೇಪುವಿನ ದುಂಡು ಅಕ್ಷರ. ಓದುತ್ತಾ ಓದುತ್ತಾ ಅವಳ ಕಿವಿ ಬಿಸಿಯಾಯಿತು.

"ಎಲ್ಲಿ, ನಾನೂ ಒಂದು ಕೈ ನೋಡ್ತೀನಿ," ಎಂದು ಹೆಡ್ಮಾಸ್ಟರು ಮುಂದೆ ಬಂದರು. "ನಂಗೆ ಕಂಬ ಕೊಡಿ."

ಎಸೆದರು. ತ್ರಿಕೋನ. ಮತ್ತೆ ಎಸೆದರು. ತ್ರಿಕೋನ. ಆಮೇಲೆ ಒಂದು ಚೌಕ. ಆಮೇಲೆ ಮತ್ತೆ ತ್ರಿಕೋನ, ಮತ್ತೆ ತ್ರಿಕೋನ. ಸುತ್ತ ನಿಂತವರು ನಕ್ಕರು.

"ಏನಮ್ಮಾ ಇದು, ನಿನ್ನ ಡೈಸಿಗೆ ತ್ರಿಕೋನದ ಮೇಲೆ ಅಷ್ಟು ಪ್ರೀತೀನಾ?"

"ಯಾವಾಗ್ಲೂ ಹಿಂಗೇ ಸರ್," ಎಂದ ಪೈಪು. "ವಾರ ಆಯ್ತು, ನನ್ನ ಕಂಬ ಮೇಲೇಳ್ತಾನೇ ಇಲ್ಲ."

ಮೇಜಿನ ಹತ್ತಿರ ನಿಂತಿದ್ದ ಪೈಪುವಿನ ಅಪ್ಪ ಕೈ ಚಾಚಿ ದಾಳವನ್ನು ಎತ್ತಿಕೊಂಡು, ಎರಡು ಬೆರಳ ನಡುವೆ ಹಿಡಿದು, ಅತ್ತ ಇತ್ತ ತಿರುಗಿಸಿದ. "ಇದು ಒಂದು ಕಡೆ ಗಿಡ್ಡ ಇದ್ದ ಹಾಗಿದೆ ಸರ್."

ಟೇಪು ಕುತ್ತಿಗೆಯಲ್ಲಿದ್ದ ಅಳತೆ ಟೇಪು ತೆಗೆದಳು. ಯಾರೂ ಹೇಳದೆಯೇ ದಾಳವನ್ನು ಇಸಿದುಕೊಂಡು ಅಳೆದಳು. ಒಂದು ಸಲ ಅಳೆದು, ನಂಬದೆ, ಇನ್ನೊಂದು ಸಲ ಅಳೆದಳು.

"ಈ ಕಡೆ ಎರಡು ಸೆಂಟಿಮೀಟರ್. ಈ ಕಡೇನೂ ಎರಡು. ಇಲ್ಲಿ ಮಾತ್ರ ಕಮ್ಮಿ ಸರ್. ಎರಡಿಲ್ಲ."

"ಹಾಗಾದ್ರೆ ಅಗಲ ಇರೋ ತ್ರಿಕೋನದ ಮುಖಾನೇ ಜಾಸ್ತಿ ಬೀಳುತ್ತೆ," ಎಂದರು ಗಣಿತದ ಮಿಸ್. "ಇಟ್ಟಿಗೆ ಎಸೆದ್ರೆ ಅದು ಮಲಗ್ಕೊಂಡೇ ಬೀಳಲ್ವಾ? ಹಾಗೆ. ಯಾರು ಮಾಡಿದ್ದು ಇದನ್ನ?"

ಬುಗುರಿ ಬಾಯಿ ತೆರೆಯುವ ಮೊದಲೇ ಪೈಪು ಹೇಳಿದ: "ಇವಳಮ್ಮ, ಮಿಸ್. ಫ್ರೇಮ್ ಅಂಗಡಿ ಆಂಟಿ."

ಎಲ್ಲರೂ ಬಾಗಿಲ ಕಡೆ ತಿರುಗಿದರು.

ಅಮ್ಮ ಮೇಜಿನ ಹತ್ತಿರ ಬಂದಳು. ದಾಳವನ್ನು ಕೈಗೆ ತೆಗೆದುಕೊಂಡಳು. ಹೆಬ್ಬೆರಳಿನಿಂದ ಅದರ ನುಣುಪಾದ ಮುಖವನ್ನು ಸವರಿದಳು. ಆಮೇಲೆ ತಲೆ ಎತ್ತಿ ಬುಗುರಿಯನ್ನು ನೋಡಿದಳು. ಸುಮ್ಮನೆ ನೋಡುತ್ತಲೇ ಇದ್ದಳು.

ಬುಗುರಿ ಹಾಳೆಯನ್ನು ನೋಡಿದಳು. ಅಕ್ಷರಗಳು ಕಲಸಿಕೊಂಡಂತಿದ್ದವು. ಹಾಳೆಯನ್ನು ಮಡಚಿದಳು, ಮತ್ತೆ ಬಿಚ್ಚಿದಳು.

"ಹೌದು ಸರ್," ಎಂದಳು ಅಮ್ಮ. "ನಾನೇ ಮಾಡಿದ್ದು. ಗಡಿಬಿಡೀಲಿ ನೋಡ್ಕೊಳ್ಳಲಿಲ್ಲ."

"ನಮ್ಮ ಫ್ರೇಮ್ ಮಾತ್ರ ಹೀಗೆ ಮಾಡಿಬಿಡಬೇಡೀಮ್ಮಾ!" ಹೆಡ್ಮಾಸ್ಟರು ತಮಾಷೆಗೇ ಅಂದರು. ಎಲ್ಲರೂ ಜೋರಾಗಿ ನಕ್ಕರು. "ಮೂಲೆಗೊಂದೊಂದು ಅಳತೆ ಆದ್ರೆ ಚಿತ್ರ ಜಾರಿ ಕೆಳಗೆ ಬೀಳುತ್ತೆ," ಎಂದು ಇನ್ನೊಬ್ಬರು ಸೇರಿಸಿದರು. ಮತ್ತೆ ನಗು. ಅಮ್ಮನೂ ನಕ್ಕಳು. ಆ ನಗುವನ್ನು ಬುಗುರಿಗೆ ನೋಡಲಾಗಲಿಲ್ಲ.

ಆಟಗಳೆಲ್ಲ ಮುಗಿದ ಮೇಲೆ ಅಮ್ಮ ಕಾರಿಡಾರಿಗೆ ಹೋಗಿ ಅಳತೆಪಟ್ಟಿ ಬಿಚ್ಚಿದಳು. ಹೆಡ್ಮಾಸ್ಟರು ಬಂದು, "ಇವತ್ತು ಬೇಡ ಬಿಡೀಮ್ಮಾ, ಜನ ಓಡಾಡ್ತಿದಾರೆ. ಹೇಳಿ ಕಳಿಸ್ತೀನಿ," ಎಂದರು. ಅಮ್ಮ ಪಟ್ಟಿಯನ್ನು ಮತ್ತೆ ಸುತ್ತಿಕೊಂಡಳು.

* * *

ಮನೆಗೆ ಹೋಗುವ ದಾರಿಯಲ್ಲಿ ಅಮ್ಮ ಬೈಯಲಿಲ್ಲ. ಬೈದಿದ್ದರೆ ಬುಗುರಿ ಅಳಬಹುದಿತ್ತು. ಅಳುವುದಕ್ಕೂ ಒಂದು ಕಾರಣ ಬೇಕಲ್ಲ. ಕೊನೆಗೆ ಅವಳೇ ಕೇಳಿದಳು.

"ನೀನ್ಯಾಕಮ್ಮಾ ನಾನೇ ಮಾಡಿದ್ದು ಅಂತ ಹೇಳ್ದೆ?"

"ಮತ್ತೇನು ಹೇಳ್ಲಿ? ನನ್ನ ಮಗಳು ಸುಳ್ಳು ಹೇಳ್ತಾಳೆ ಅಂತ ಅಷ್ಟು ಜನರ ಮುಂದೆ ಕೂಗ್ಲಾ?" ಅಮ್ಮ ನಡಿಗೆ ನಿಲ್ಲಿಸಲಿಲ್ಲ. "ನೀನು ಹೇಳ್ತೀಯ ಅಂತ ಕಾದೆ. ನೀನು ಬಾಯಿ ಬಿಡಲಿಲ್ಲ."

ಬುಗುರಿ ಒಂದು ಹೆಜ್ಜೆ ಹಿಂದಾದಳು. ಅಮ್ಮನ ಚಪ್ಪಲಿಯನ್ನೇ ನೋಡುತ್ತಾ ನಡೆದಳು.

"ಗಿಡ್ಡ ಇದೆ ಅಂತ ಗೊತ್ತಿತ್ತಾ ನಿಂಗೆ?"

"ಮೊದ್ಲು ಗೊತ್ತಿರ್ಲಿಲ್ಲ."

"ಆಮೇಲೆ?"

"ಆಮೇಲೆ ಗೊತ್ತಾಯ್ತು."

"ಗೊತ್ತಾದ ಮೇಲೂ ಆಡಿದೆ."

ಅದು ಪ್ರಶ್ನೆಯಾಗಿರಲಿಲ್ಲ. ಅಮ್ಮ ಅಂಗಡಿಯ ಬಾಗಿಲು ತೆರೆದು, ಮೇಜು ಒರೆಸಿ, ಕೆಲಸಕ್ಕೆ ಕುಳಿತಳು. ಮೂಲೆಮಟ್ಟ ಇಟ್ಟು ನೋಡಿದಳು. ಮತ್ತೊಮ್ಮೆ ಇಟ್ಟು ನೋಡಿದಳು. ಅಮ್ಮ ಒಂದೇ ಮೂಲೆಯನ್ನು ಎರಡು ಸಲ ನೋಡುವುದನ್ನು ಬುಗುರಿ ಅದುವರೆಗೆ ಕಂಡಿರಲಿಲ್ಲ.

* * *

ಸೋಮವಾರ ಬೆಳಿಗ್ಗೆ ಶಾಲೆಯ ನಲ್ಲಿಯ ಹತ್ತಿರ ಟೇಪು ನೀರಿನ ಬಾಟಲು ತುಂಬಿಸುತ್ತಿದ್ದಳು. ಬುಗುರಿ ಅವಳ ಹಿಂದೆ ಹೋಗಿ ನಿಂತಳು.

"ಆ ಡೈಸ್ ನಮ್ಮಮ್ಮ ಮಾಡಿದ್ದಲ್ಲ. ನಾನು ಮಾಡಿದ್ದು."

ಟೇಪು ತಿರುಗಲಿಲ್ಲ. "ಅಂದ್ಕೊಂಡೆ. ನಿಮ್ಮಮ್ಮ ಹಾಗೆ ಕತ್ತರಿಸೋರಲ್ಲ ಅಂತ ನಮ್ಮಮ್ಮನೂ ಅಂದ್ಳು."

"ಗಿಡ್ಡ ಇದೆ ಅಂತಾನೂ ಗೊತ್ತಿತ್ತು ನಂಗೆ."

ಈಗ ಟೇಪು ತಿರುಗಿದಳು. ಬಾಟಲು ತುಂಬಿ ನೀರು ಅವಳ ಕೈಮೇಲೆ ಹರಿಯುತ್ತಿತ್ತು.

"ಯಾವಾಗಿಂದ?"

"ಭಾನುವಾರದಿಂದ."

"ಅಂದ್ರೆ ನಾನು ಚೌಕ ಚೌಕ ಅಂತ ಬಡ್ಕೋತಿದ್ದಾಗೆಲ್ಲ ನಿಂಗೆ ಗೊತ್ತಿತ್ತು."

"ಹೂಂ."

"ನನ್ನ ಹಾಳೆ ಇಸ್ಕೊಂಡಾಗ್ಲೂ ಗೊತ್ತಿತ್ತು."

"ಹೂಂ."

"ನಮ್ಮಮ್ಮ ಅಂಗಡಿ ಮುಚ್ಚಿ ಬಂದಿದ್ಳು ಕಣೇ. ನಾನು ಮಾತಾಡ್ತೀನಿ ಅಂತ." ಟೇಪು ನಲ್ಲಿ ನಿಲ್ಲಿಸಿದಳು. ಬಾಟಲಿನ ಮುಚ್ಚಳ ಹಾಕಿದಳು. "ನಂಗೆ ಹೇಳಿ ಏನು ಮಾಡ್ತೀಯಾ? ಹೆಡ್ಮಾಸ್ಟರಿಗೆ ಹೇಳು. ನಕ್ಕಿದ್ದು ಅವರು ನಿಮ್ಮಮ್ಮನ್ನ ನೋಡಿ, ನನ್ನ ನೋಡಿ ಅಲ್ಲ."

"ನೀನೂ ಬರ್ತೀಯಾ ಜೊತೆಗೆ?"

"ಇಲ್ಲ," ಎಂದು ಟೇಪು ಕ್ಲಾಸಿಗೆ ಹೋದಳು.

ಬುಗುರಿ ಒಬ್ಬಳೇ ಹೋದಳು. ಹೆಡ್ಮಾಸ್ಟರ ಕೋಣೆಗೆ ಹೋಗಬೇಕಾದರೆ ಕಾರಿಡಾರ್ ದಾಟಬೇಕು. ಅಲ್ಲಿ ಯಾರೋ ಒಬ್ಬ ಸ್ಟೂಲಿನ ಮೇಲೆ ನಿಂತು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಗೋಡೆಯನ್ನು ಅಳೆಯುತ್ತಿದ್ದ. ಗೋಡೆಯ ಮೇಲೆ ಪೆನ್ಸಿಲ್ ಗುರುತುಗಳು ಆಗಲೇ ಸಾಲಾಗಿ ಬಿದ್ದಿದ್ದವು.

ಹೆಡ್ಮಾಸ್ಟರು ಏನೋ ಬರೆಯುತ್ತಿದ್ದರು. "ಏನಮ್ಮಾ?"

"ಸರ್, ಆ ಡೈಸ್ ಮಾಡಿದ್ದು ನಮ್ಮಮ್ಮ ಅಲ್ಲ ಸರ್. ನಾನು. ಅಮ್ಮ ಅದನ್ನ ನೋಡೇ ಇರ್ಲಿಲ್ಲ. ಅಮ್ಮಂದು ಎಲ್ಲಾ ಮೂಲೇನೂ ಸರಿಯಾಗಿರುತ್ತೆ ಸರ್." ಒಂದೇ ಉಸಿರಿಗೆ ಹೇಳಿದಳು.

"ಯಾವ ಡೈಸು?" ಅವರು ಕನ್ನಡಕ ತೆಗೆದರು. "ಓ, ಅದಾ! ನಾನು ಮರೆತೇಬಿಟ್ಟಿದ್ದೆ. ಒಳ್ಳೇದಾಯ್ತು, ಬಂದು ಹೇಳಿದ್ಯಲ್ಲ. ಹೋಗು, ಬೆಲ್ ಆಗುತ್ತೆ."

ಬುಗುರಿ ಹೋಗಲಿಲ್ಲ. "ಫ್ರೇಮು, ಸರ್..."

"ಫ್ರೇಮ್ ಇವರಿಗೆ ಕೊಟ್ಟಾಯ್ತಲ್ಲ," ಎಂದು ಅವರು ಬಾಗಿಲ ಹೊರಗಿನ ಸ್ಟೂಲನ್ನು ತೋರಿಸಿದರು. "ಬಸ್ ಸ್ಟ್ಯಾಂಡ್ ಹತ್ರ ಅಂಗಡಿ ಇದೆಯಂತೆ."

"ಡೈಸಿಗೋಸ್ಕರಾನಾ ಸರ್?"

ಹೆಡ್ಮಾಸ್ಟರು ಪೆನ್ನಿನ ಮುಚ್ಚಳವನ್ನು ಹಾಕಿದರು, ತೆಗೆದರು. "ಹಾಗೇನಿಲ್ಲ. ಶನಿವಾರ ಯಾರೋ ನಾಲ್ಕು ಜನ ಮಾತಾಡ್ಕೊಂಡ್ರು, ಬೇರೆ ಕಡೇನೂ ಕೇಳಿ ನೋಡೋಣ ಅಂತ. ಕೇಳಿದ್ವಿ, ಕೊಟ್ವಿ. ಈಗ ಮಾತು ಕೊಟ್ಟಮೇಲೆ ಬದಲಾಯಿಸೋಕಾಗುತ್ತಾ? ನೀನೇ ಹೇಳು."

ಆಗುವುದಿಲ್ಲ ಎಂದು ಬುಗುರಿಗೂ ಗೊತ್ತಿತ್ತು. ಅವಳು ಹೊರಗೆ ಬಂದಳು.

ಸ್ಟೂಲಿನ ಮೇಲಿದ್ದವನು, "ಪಾಪೂ, ಸ್ವಲ್ಪ ಆ ತುದಿ ಹಿಡ್ಕೋ," ಎಂದು ಅಳತೆಪಟ್ಟಿಯ ತುದಿಯನ್ನು ಕೆಳಗೆ ಬಿಟ್ಟ. ಅವನ ತಪ್ಪೇನೂ ಇರಲಿಲ್ಲ. ಬುಗುರಿ ಹಿಡಿದುಕೊಂಡಳು. ಅವನು ಗುರುತು ಮಾಡಿ, ಸಾಕು ಎನ್ನುವವರೆಗೂ ಹಿಡಿದುಕೊಂಡು ನಿಂತಳು.

* * *

ಸಂಜೆ ಅಂಗಡಿಯಲ್ಲಿ ಅಮ್ಮ ಏಣಿ ಹತ್ತಿದ್ದಳು. ಗೋಡೆಗೆ ಒರಗಿಸಿಟ್ಟಿದ್ದ ಪಟ್ಟಿಗಳು ಮತ್ತೆ ಅಟ್ಟಣೆಗೆ ಹೋಗಬೇಕಿತ್ತು. ಶಾಲೆಯಿಂದ ಸುದ್ದಿ ಆಗಲೇ ಬಂದಿತ್ತೆಂದು ಬುಗುರಿಗೆ ಕೇಳದೆಯೇ ತಿಳಿಯಿತು.

"ಹೆಡ್ಮಾಸ್ಟರಿಗೆ ಹೇಳ್ದೆ ಅಮ್ಮಾ. ನಾನೇ ಮಾಡಿದ್ದು ಅಂತ."

"ಹೂಂ," ಎಂದಳು ಅಮ್ಮ. "ಟೇಪುಗೆ?"

"ಅವಳಿಗೂ ಹೇಳ್ದೆ. ಮಾತು ಬಿಟ್ಟಿದಾಳೆ."

"ಬಿಡದೆ ಏನು ಮಾಡ್ತಾಳೆ." ಅಮ್ಮ ಏಣಿಯ ಮೇಲಿಂದ ಕೈ ಕೆಳಗೆ ಚಾಚಿದಳು. "ಒಂದೊಂದೇ ಕೊಡು. ತುದಿ ಎಲ್ಲೂ ತಾಗಿಸ್ಬೇಡ, ಚಕ್ಕೆ ಏಳುತ್ತೆ."

ಬುಗುರಿ ಒಂದೊಂದೇ ಪಟ್ಟಿ ಎತ್ತಿ ಕೊಟ್ಟಳು. ಪಟ್ಟಿಗಳು ಅವಳಿಗಿಂತ ಉದ್ದವಿದ್ದವು, ನೆಟ್ಟಗಿದ್ದವು. ಅಮ್ಮ ಒಂದೊಂದನ್ನೂ ಧೂಳು ಒರೆಸಿ ಒಳಗೆ ತಳ್ಳಿದಳು. ಹಾಡು ಗುನುಗಲಿಲ್ಲ. ಕೊನೆಯ ಪಟ್ಟಿ ಹೋದ ಮೇಲೆ ಗೋಡೆ ಖಾಲಿಯಾಯಿತು.

ಏಣಿಯನ್ನು ಹಿಡಿದು ನಿಂತಲ್ಲೇ ಬುಗುರಿ ಮನಸ್ಸಿನಲ್ಲಿ ಲೆಕ್ಕ ಮಾಡಿದಳು. ಚಿತ್ರ ಇಪ್ಪತ್ತನಾಲ್ಕು. ಒಂದು ಚಿತ್ರಕ್ಕೆ ನಾಲ್ಕು ಮೂಲೆ. ಶಾಲೆಯ ಗೋಡೆಯ ಮೇಲೆ ಅಮ್ಮ ಮಾಡಬೇಕಿದ್ದ, ಇನ್ನು ಮಾಡದ ಮೂಲೆಗಳು ಒಟ್ಟು ತೊಂಬತ್ತಾರು.